ಬಿಜಲಿಯ ಮುಂದೆ ನಡೆಯುವವನು

ಸಲಹೆ ಕೊಡುವುದಕ್ಕೆ ಅನುಭವ ಬೇಕು ಎಂದು ಯಾರಾದರೂ ನಂಬಿದ್ದರೆ, ಅವರು ನಮ್ಮ ಆದೋನಿಯ ಹತ್ತಿ ಮಾರ್ಕೆಟ್ಟಿಗೆ ಒಂದು ಮುಂಜಾನೆ ಬಂದು ನಿಲ್ಲಬೇಕು. ಕೈಯಾರೆ ಒಂದು ಬೀಜ ಊರದವರು ರೈತನಿಗೆ ಬಿತ್ತನೆ ಹೇಳಿಕೊಡುತ್ತಿರುತ್ತಾರೆ. ಲಗ್ನವೇ ಆಗದವರು ಮಗಳನ್ನು ಎಂಥ ಮನೆಗೆ ಕೊಡಬೇಕೆಂದು ತಿಳಿಸುತ್ತಿರುತ್ತಾರೆ. ಹಲ್ಲು ಉದುರಿದವರು ಯಾವ ಅಂಗಡಿಯ ಮಿರ್ಚಿ ಬಜ್ಜಿ ಗರಿಗರಿ ಎಂದು ತೀರ್ಪು ಕೊಡುತ್ತಿರುತ್ತಾರೆ. ನಾನೂ ಅದೇ ಮಾರ್ಕೆಟ್ಟಿನಲ್ಲಿ ದಲಾಲಿ ಮಾಡಿಕೊಂಡು ತಲೆ ನೆರೆಸಿಕೊಂಡವನು. ಆದ್ದರಿಂದ ಈ ಸೀಮೆಯ ಹುಡುಗರಿಗೆಲ್ಲ ಕುದುರೆ ಸವಾರಿಯ ಬಗ್ಗೆ ಸಲಹೆ ಕೊಡುವ ದೊಡ್ಡ ಮನುಷ್ಯ ಈಗ ನಾನೇ ಎಂದರೆ ನೀವು ಆಶ್ಚರ್ಯಪಡಬಾರದು. ನಾನು ಕುದುರೆ ಹತ್ತಿದವನಲ್ಲ. ಏಣಿ ಹಚ್ಚಿಕೊಟ್ಟರೂ ಹತ್ತುವವನಲ್ಲ. ನನ್ನ ತೂಕ ನನಗೆ ಗೊತ್ತಿದೆ, ಕುದುರೆಯ ಬೆನ್ನಿನ ಮೇಲೆ ನನಗೆ ಕರುಣೆಯೂ ಇದೆ.

ಇದಕ್ಕೆಲ್ಲ ಕಾರಣ ಒಂದು ವಿಡಿಯೋ. ಹೊಳಗುಂದ ರಸ್ತೆಯಲ್ಲಿ ಬೆಳಗಿನ ಹೊತ್ತು, ಪಂಚೆ ಎತ್ತಿ ಕಟ್ಟಿದ ಒಬ್ಬ ದಪ್ಪ ಮನುಷ್ಯ ಡೊಳ್ಳು ಬಾರಿಸುವ ಮೊಬೈಲನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡು ಗಂಭೀರವಾಗಿ ನಡೆಯುತ್ತಿದ್ದಾನೆ. ಅವನ ಹಿಂದೆ ಒಂದು ಬಿಳಿ ಕುದುರೆ. ಅದರ ಮೇಲೆ ಸ್ಕೂಟರಿನ ಹೆಲ್ಮೆಟ್ ಹಾಕಿಕೊಂಡ ಒಬ್ಬ ಹುಡುಗಿ. ಯಾರೋ ಪುಣ್ಯಾತ್ಮರು ಬಸ್ಸಿನ ಕಿಟಕಿಯಿಂದ ಇದನ್ನು ಹಿಡಿದು ಊರ ತುಂಬ ಹರಿಯಬಿಟ್ಟರು. ಅಲ್ಲಿಯವರೆಗೆ ಹತ್ತಿ ಶರಣಪ್ಪನಾಗಿದ್ದ ನಾನು ಅಂದಿನಿಂದ ಕುದುರೆ ಶರಣಪ್ಪನಾದೆ. ಈಗಿನ ಹುಡುಗರಿಗೆ ಬೈಕು ಸಾಲದೆ ಕುದುರೆಯ ಹುಚ್ಚು ಹತ್ತಿದೆಯಲ್ಲ, ಅವರೆಲ್ಲ ನನ್ನ ನಂಬರು ಹುಡುಕಿಕೊಂಡು ಫೋನು ಮಾಡತೊಡಗಿದರು. ಕೇಳುವವರು ಇದ್ದಾರೆಂದ ಮೇಲೆ ಹೇಳದೆ ಇರುವುದು ನಮ್ಮ ರಕ್ತದಲ್ಲಿ ಇಲ್ಲ.

ಎಮ್ಮಿಗನೂರಿನ ನೇಕಾರರ ಮನೆಯ ಹುಡುಗನೊಬ್ಬ ಮರಿ ಕುದುರೆ ತಂದಿದ್ದ. "ಅನ್ನಾ, ಗುರ್ರಂ ಕರುಸ್ತುಂದಾ?" ಎಂದು ಕೇಳಿದ. ಕುದುರೆ ಕಚ್ಚುತ್ತದೆಯೇ ಎಂಬುದು ಅವನ ಚಿಂತೆ. ತೆಲುಗಿನಲ್ಲಿ ಕೇಳಿದರೂ ನಾನು ಧೈರ್ಯ ಹೇಳುವುದು ಕನ್ನಡದಲ್ಲಿಯೇ. "ಕಚ್ಚತೈತಪ್ಪಾ. ಯಾರಾದ್ರೂ ಹೇಳಲಾರದ ಕೇಳಲಾರದ ಹಿಂದಿನಿಂದ ಬಂದು ನಿನ್ನ ಹೊಟ್ಟಿಗೆ ಬೆಲ್ಟು ಬಿಗದ್ರ ನೀನೂ ಕಚ್ಚತೀದಿ. ಮುಂದಿನಿಂದ ಹೋಗು, ಮಾತಾಡಿಸ್ಕೊಂತ ಹೋಗು" ಎಂದೆ. ಗೋನೆಗಂಡ್ಲದ ರೈತರ ಹುಡುಗ ಬೇರೆ ಗೋಳು ತೋಡಿಕೊಂಡ. "ಕುದುರಿ ತರ್ತೀನಿ ಅಂದ್ರ ನಮ್ಮವ್ವ ತವರಿಗೆ ಹೋಗಿಬಿಡ್ತೀನಿ ಅಂತಾಳ್ರಿ." ನಾನು ಹೇಳಿದೆ, "ತಂದು ಆಕಿ ಕೈಲೆ ಒಂದ ರೊಟ್ಟಿ ತಿನಿಸು. ಆಮ್ಯಾಲೆ ತವರಿಗೆ ಹೋದ್ರೂ ಕುದುರಿ ಹಿಡ್ಕೊಂಡ ಹೋಗ್ತಾಳ." ಇನ್ನೊಬ್ಬನಿಗೆ ಬೀಳುವ ಭಯ. ಬೀಳಬಾರದು ಅಂದರೆ ಹತ್ತಬಾರದು, ಹತ್ತುವುದಾದರೆ ಹೆಲ್ಮೆಟ್ ಹಾಕಿಕೊಂಡು ಹತ್ತಬೇಕು, ಇಷ್ಟೇ ಇದರಲ್ಲಿರುವ ವಿದ್ಯೆ ಎಂದು ಅವನಿಗೂ ಸಮಾಧಾನ ಹೇಳಿದೆ. ಒಂದೇ ಒಂದು ಪ್ರಶ್ನೆಯಿಂದ ಮಾತ್ರ ನಾನು ತಪ್ಪಿಸಿಕೊಂಡೆ. ತಂಗಿಗೆ ಸವಾರಿ ಕಲಿಸುತ್ತಿದ್ದವನೊಬ್ಬ, "ನಾವು ಹಿಡಿದ ಹಗ್ಗ ಯಾವಾಗ ಬಿಡಬೇಕ್ರಿ?" ಎಂದು ಕೇಳಿದ. "ಹಲೋ, ಹಲೋ, ಕೇಳವಲ್ದು" ಎಂದು ಫೋನು ಇಟ್ಟುಬಿಟ್ಟೆ.

ಬಿಜಲಿ ನಮ್ಮ ಮನೆಗೆ ಬಂದ ಕಥೆ ಹೇಳಬೇಕು. ನನ್ನ ಮಗಳು ಉಮಾ ಎಂಟನೇ ಕ್ಲಾಸು. ಬಹಳ ವರ್ಷ ಕಾದ ಮೇಲೆ ಹುಟ್ಟಿದವಳು, ಹಾಗಾಗಿ ಅವಳು ಕೇಳಿದ್ದಕ್ಕೆ ಇಲ್ಲ ಎನ್ನುವ ಅಭ್ಯಾಸ ನನಗೆ ಆಗಲೇ ಇಲ್ಲ. ನಮ್ಮ ಸಂಬಂಧಿಕರ ಲಗ್ನವೊಂದರಲ್ಲಿ ಮದುಮಗ ಮೆರವಣಿಗೆಯ ಕುದುರೆಯಿಂದ ಇಳಿಯುತ್ತಲೇ ಎಲ್ಲರೂ ಅವನ ಹಿಂದೆ ಒಳಗೆ ಹೋದರು. ಕುದುರೆ ಒಂಟಿಯಾಗಿ ನಿಂತಿತ್ತು. ಉಮಾ ಅದರ ಹತ್ತಿರ ಹೋದಳು. ಅದು ತನ್ನ ದೊಡ್ಡ ತಲೆಯನ್ನು ತಂದು ಇವಳ ಹೆಗಲ ಮೇಲೆ ಇಟ್ಟಿತು. ಅಷ್ಟೇ ಆದದ್ದು. ಊಟಕ್ಕೆ ಕೂತಾಗ ಮಗಳು ಹೋಳಿಗೆ ಮುಟ್ಟದೆ, "ಅಪ್ಪಾ, ಆ ಕುದುರಿ ನಮ್ಮನಿಗೆ ಬರ್ತೀನಿ ಅಂತೈತಿ" ಎಂದಳು. ಕುದುರೆ ನನ್ನ ಹತ್ತಿರ ಹಾಗೇನೂ ಹೇಳಿರಲಿಲ್ಲ, ಆದರೂ ನಾನು ಹ್ಞೂಂ ಎಂದುಬಿಟ್ಟೆ.

ಕುದುರೆಯ ಯಜಮಾನ ಖಾಜಾ ಸಾಬರು ಲಗ್ನಗಳಿಗೆ ಕುದುರೆ ಬಾಡಿಗೆ ಕೊಡುವವರು. ಈಚೆಗೆ ಮದುಮಕ್ಕಳು ಹೂವು ಕಟ್ಟಿದ ಜೀಪಿನಲ್ಲಿ ನಿಂತು ಬರುವ ಫ್ಯಾಷನ್ನು ಬಂದ ಮೇಲೆ ಅವರ ಕುದುರೆಗಳಿಗೆ ಕೆಲಸ ಕಡಿಮೆಯಾಗಿತ್ತು. ಹುಡುಗಿ ಕೂರುವ ಕುದುರೆ, ಬೆದರಬಾರದು ಎಂದು ನಾನು ಗಟ್ಟಿಯಾಗಿ ಹೇಳಿದೆ. ಖಾಜಾ ಸಾಬರು ನಕ್ಕು ಒಂದು ಪಟಾಕಿ ಸರ ತಂದು ಕುದುರೆಯ ಮುಂಗಾಲಿನ ಹತ್ತಿರವೇ ಹಚ್ಚಿದರು. ಓಣಿಯ ನಾಯಿಗಳು ಕೋಟೆ ಗುಡ್ಡದ ಕಡೆ ಓಡಿದವು, ನಾನು ಅವರ ಮನೆಯ ಬಾಗಿಲ ಹಿಂದೆ ಹೋದೆ. ಕುದುರೆ ಮಾತ್ರ ಒಂದು ಕಿವಿ ಅಲ್ಲಾಡಿಸಿತು. "ದೇಖೋ ಶೇಠ್! ಇದರ ಮುಂದ ಎಂತೆಂಥಾ ಬ್ಯಾಂಡು ಬಾರಿಸ್ಯಾರ, ಎಷ್ಟ್ ಮಂದಿ ಕುಣದಾರ! ಆಂಖಾಂ ಬಂದ್ ಕರ್ಕೆ ಲೇಕೇ ಜಾವ್" ಎಂದರು ಅವರು. ಕಣ್ಣು ಮುಚ್ಚಿಕೊಂಡು ಒಯ್ಯಿ ಎಂದದ್ದನ್ನು ನಾನು ಅಕ್ಷರಶಃ ಪಾಲಿಸಿದೆ. ಹೆಸರು ಬಿಜಲಿ ಎಂದಾಗ, ಮಿಂಚಿನಂತೆ ಓಡುತ್ತದೆಯೇನೋ ಎಂದು ಒಂದು ಕ್ಷಣ ಹೆದರಿದ್ದೆ. ಮನೆಗೆ ಬರುವಾಗ ಅದು ನಡೆದ ರೀತಿ ನೋಡಿ, ಕರೆಂಟು ಹೋದ ಹೊತ್ತಿನ ಬಿಜಲಿ ಎಂದು ಗೊತ್ತಾಗಿ ಸಮಾಧಾನವಾಯಿತು.

ನನ್ನ ಹೆಂಡತಿ ಗಿರಿಜಾ ಬಾಗಿಲಲ್ಲಿ ನಿಂತು ನೋಡಿದಳು. "ಮಂದಿ ಹೆಣ್ಮಕ್ಕಳಿಗೆ ಸೈಕಲ್ ಕೊಡಸ್ತಾರ. ನೀವು ಆನಿ ಬಿಟ್ಟು ಕುದುರಿ ತಂದಿರಲ್ಲ, ಅದ ಪುಣ್ಯ" ಎಂದಳು. ಹಿತ್ತಲಲ್ಲಿ ಹತ್ತಿ ಇಡುವ ಹಳೆಯ ಗೋದಾಮು ಖಾಲಿ ಇತ್ತು, ಅದೇ ಲಾಯವಾಯಿತು. ಮೊದಲ ವಾರ ಗಿರಿಜಾ ಆ ಕಡೆ ಮುಖ ಹಾಕಲಿಲ್ಲ. ಎರಡನೇ ವಾರ ರೊಟ್ಟಿಯ ಲೆಕ್ಕ ತಪ್ಪತೊಡಗಿತು. ಯಾರು ತಿಂದರು ಎಂದರೆ, ನೀವೇ ತಿಂದಿರಬೇಕು ಎನ್ನುವಳು. ತಿನ್ನುವ ವಿಷಯದಲ್ಲಿ ನನ್ನ ಹೆಸರು ಮೊದಲೇ ಕೆಟ್ಟಿತ್ತು. ಸಕ್ಕರೆ ಕಾಯಿಲೆ ಇದೆ, ದಿನಾ ಬೆಳಿಗ್ಗೆ ನಡೆಯಿರಿ ಎಂದು ಡಾಕ್ಟರು ಹೇಳಿ ಬಹಳ ಕಾಲವಾಗಿತ್ತು. ನಾನು ತಪ್ಪದೆ ನಡೆಯುತ್ತಲೂ ಇದ್ದೆ, ಮನೆಯಿಂದ ಉಗ್ಗಾಣಿ ಬಜ್ಜಿಯ ಅಂಗಡಿಯವರೆಗೆ. ವಗ್ಗರಣೆ ಹಾಕಿದ ಬಿಸಿ ಮಂಡಕ್ಕಿ, ಮೇಲೆ ಪುಟಾಣಿ ಪುಡಿ, ಪಕ್ಕದಲ್ಲಿ ಮಿರ್ಚಿ ಬಜ್ಜಿ. ಅದನ್ನು ಬಿಟ್ಟು ಮುಂದೆ ನಡೆಯಿರಿ ಎಂದು ಯಾವ ಡಾಕ್ಟರೂ ಹೇಳಿರಲಾರ. "ಅದು ವಾಕಿಂಗ್ ಅಲ್ಲ, ತೀರ್ಥಯಾತ್ರಿ" ಎಂದು ಗಿರಿಜಾ ಹೇಳಿ ಹೇಳಿ ಸೋತಿದ್ದಳು.

ನಾವು ಮಾಡಿದ ತಪ್ಪು ಗೊತ್ತಾದದ್ದು ಉಮಾಳನ್ನು ಮೊದಲ ಸಲ ಬಯಲಿಗೆ ಕರೆದುಕೊಂಡು ಹೋದ ದಿನ. ಪೇಟೆಯ ಗದ್ದಲದಲ್ಲಿ ಬಿಜಲಿ ಲಾರಿಗೂ ಜಗ್ಗಲಿಲ್ಲ, ಆಟೋದ ಹಾರ್ನಿಗೂ ಜಗ್ಗಲಿಲ್ಲ. ಊರು ದಾಟಿದೆವು. ಹತ್ತಿ ಬಿಡಿಸಿ ಮುಗಿದ ಹೊಲಗಳು, ಗಾಳಿಯೂ ಇಲ್ಲ, ಮನುಷ್ಯರೂ ಇಲ್ಲ. ಬಿಜಲಿ ನಿಂತಿತು. ಮೈಯೆಲ್ಲ ನಡುಗತೊಡಗಿತು. ಎಲ್ಲಿಂದಲೋ ಒಂದು ಗುಬ್ಬಿ ಪುರ್ರೆಂದು ಎದ್ದದ್ದೇ ತಡ, ನಮ್ಮ ಪಟಾಕಿ ವೀರೆ ನಾಲ್ಕೂ ಕಾಲು ಎತ್ತಿ ಪಕ್ಕಕ್ಕೆ ಹಾರಿತು. ಉಮಾ ಹತ್ತಿಕಟ್ಟಿಗೆಯ ರಾಶಿಯ ಮೇಲೆ ಬಿದ್ದಳು. ಹುಟ್ಟಿದಾಗಿನಿಂದ ಬ್ಯಾಂಡಿನಲ್ಲಿ ಬೆಳೆದ ಜೀವ ಅದು. ಗದ್ದಲ ಅದಕ್ಕೆ ಮನೆ ಇದ್ದಂತೆ. ಹೆದರಿಕೆ ಇದ್ದದ್ದು ಸದ್ದಿಲ್ಲದ ಬಯಲಿನದು. ಸವಾರಿಯ ಕುದುರೆಗೆ ಪಟಾಕಿಯ ಪರೀಕ್ಷೆ ಮಾಡಿ ತರುವ ಬುದ್ಧಿ ಪೇಟೆಯ ದಲಾಲಿಗಲ್ಲದೆ ಇನ್ನಾರಿಗೆ ಬರಬೇಕು?

ಮಗಳ ಮುಂಗೈ ಊದಿತ್ತು, ಕೆನ್ನೆ ತರಚಿತ್ತು. ಅವಳನ್ನು ಎತ್ತಿ ನಿಲ್ಲಿಸಿ ಮೈಮೇಲಿನ ಕಡ್ಡಿ ಕೊಡವಿದೆ. ಅಂಥ ಹೊತ್ತಿನಲ್ಲಿಯೇ ನನ್ನ ಫೋನು ಬಡಿದುಕೊಂಡಿತು. ಅದರ ರಿಂಗು ಡೊಳ್ಳಿನದು. ಮಾರ್ಕೆಟ್ಟಿನ ಗದ್ದಲದಲ್ಲಿ ಕೇಳಲಿ ಎಂದು ನಾನೇ ಹಾಕಿಸಿಕೊಂಡದ್ದು. ಹತ್ತಿ ಕೊಳ್ಳುವ ಪಾರ್ಟಿಯವನೊಬ್ಬ ಬಿಡದೆ ಹಚ್ಚಿದ್ದ. ತಲೆ ಕೆಟ್ಟು, ಫೋನು ಎತ್ತಿ ಅವನಿಗೆ ತೆಲುಗಿನಲ್ಲಿ ನಾಲ್ಕು ಮಾತು ಬೈಯುತ್ತ ರಸ್ತೆಯ ಕಡೆ ನಡೆದೆ. ಉಮಾ ಹಿಂದಿನಿಂದ ಕೂಗಿದಳು, "ಅಪ್ಪಾ, ನೋಡು!" ತಿರುಗಿ ನೋಡಿದರೆ ನಡುಗುತ್ತಿದ್ದ ಬಿಜಲಿ ಕಿವಿ ನಿಮಿರಿಸಿಕೊಂಡು ಸದ್ಗೃಹಿಣಿಯಂತೆ ನನ್ನ ಹಿಂದೆ ಬರುತ್ತಿತ್ತು. ಮುಂದೆ ಸದ್ದು ಬೇಕು, ಸದ್ದಿನ ಹಿಂದೆ ಒಬ್ಬ ಮನುಷ್ಯ ಬೇಕು. ಮೆರವಣಿಗೆ ಬಿಟ್ಟು ಬೇರೆ ನಡಿಗೆ ಅದಕ್ಕೆ ಗೊತ್ತೇ ಇರಲಿಲ್ಲ.

ಮನೆಯಲ್ಲಿ ಗಿರಿಜಾ ಮಗಳ ಕೆನ್ನೆಗೆ ಅರಿಶಿನ ಹಚ್ಚಿದಳು. ಊಟಕ್ಕೆ ಬಡಿಸುತ್ತ ಹೇಳಿದಳು: "ಉಗಾದಿ ತನ ನೋಡತೀನ್ರಿ. ಅಷ್ಟೊತ್ತಿಗೆ ಹುಡುಗಿ ಒಬ್ಬಾಕಿನ ಆ ಕುದುರಿ ನಡಿಸಿದ್ಲಂದ್ರ ಇರ್ಲಿ. ಇಲ್ಲಾಂದ್ರ ಖಾಜಾ ಸಾಬರ ಮನಿಗೆ ವಾಪಸ್ ಹೋಗ್ಲಿ. ಇರೋದು ಒಂದ ಮಗಳು ನನಗ." ಉಮಾ ತಟ್ಟೆ ಹಿಡಿದುಕೊಂಡು ಎದ್ದು ಹಿತ್ತಲಿಗೆ ಹೋದಳು. ಹೋಗಿ ನೋಡಿದರೆ ಊದಿದ ಕೈಯಲ್ಲಿಯೇ ಬಿಜಲಿಯ ಕುತ್ತಿಗೆ ಹಿಡಿದುಕೊಂಡು, ಮುಖ ಒತ್ತಿಕೊಂಡು ನಿಂತಿದ್ದಳು. "ನನಗ ಹೆದರಿಕಿ ಆಗತೈತಪ್ಪಾ. ಆದ್ರ ಆಕಿನ್ನ ಕಳಸಬ್ಯಾಡ" ಎಂದಳು. "ನಾ ಮುಂದ ನಡೀತೀನಿ, ನೀ ಹತ್ತು" ಎಂದೆ. ಬಾಯಿ ತಪ್ಪಿ ಬಂದ ಮಾತಲ್ಲ ಅದು. ನಡೆಯುವುದೆಂದರೆ ಏನು ಎಂದು ಗೊತ್ತಿಲ್ಲದೆ ಆಡಿದ ಮಾತು.

ಮರುದಿನದಿಂದ ನಮ್ಮ ಮೆರವಣಿಗೆ ಶುರುವಾಯಿತು. ಸೂರ್ಯ ಹುಟ್ಟುವ ಹೊತ್ತಿಗೆ ಮುಂದೆ ನಾನು, ನನ್ನ ಕೈಯಲ್ಲಿ ಫೋನಿನ ಡೊಳ್ಳು, ಹಿಂದೆ ಬಿಜಲಿ, ಮೇಲೆ ನನ್ನ ಹೆಲ್ಮೆಟ್ಟಿನಲ್ಲಿ ಉಮಾ. ಓಣಿ ದಾಟುವಷ್ಟರಲ್ಲಿ ಪ್ರಾಣ ಹೋಗುತ್ತಿತ್ತು. ಬಾಗಿಲಿಗೆ ಮಾವಿನ ತೋರಣ ಕಂಡರೆ ಸಾಕು, ಇದೇ ಬೀಗರ ಮನೆ ಎಂದುಕೊಂಡು ಬಿಜಲಿ ನಿಂತುಬಿಡುವುದು. ಆರತಿ ಎತ್ತಿ, ಬಾಯಿಗೆ ಬೆಲ್ಲ ಇಡುವವರೆಗೆ ಕದಲುವುದಿಲ್ಲ. ಮೊದಮೊದಲು ಬೈದುಕೊಂಡ ಹೆಂಗಸರು ಆಮೇಲೆ ತಾವೇ ಬೆಲ್ಲದ ಚೂರು ಹಿಡಿದುಕೊಂಡು ಕಾಯತೊಡಗಿದರು. ಒಬ್ಬ ಮುದುಕಿ ನಿಜವಾಗಿಯೂ ಆರತಿ ತಟ್ಟೆ ತಂದು, ನನ್ನ ಮುಖವನ್ನೂ ಕುದುರೆಯನ್ನೂ ನೋಡಿ, "ಮದುಮಗ ಎಲ್ಲೋ ತಮ್ಮಾ?" ಎಂದಳು. "ಇನ್ನೂ ಹುಟ್ಟಿಲ್ಲಬೇ" ಎಂದು ಉಮಾ ಕುದುರೆಯ ಮೇಲಿಂದಲೇ ಹೇಳಿದಳು. ಬಿದ್ದ ಮೇಲೆ ಅವಳು ನಕ್ಕದ್ದು ಅಂದೇ ಮೊದಲು. ಮಾರ್ಕೆಟ್ಟಿನಲ್ಲಿ ನನ್ನ ಜೊತೆಯ ದಲಾಲಿಗಳು "ಶರಣಪ್ಪಾ, ಇವತ್ತ ಯಾರ ಲಗ್ನ?" ಎಂದು ದಿನಾ ಕೇಳುವುದಕ್ಕೂ ನಾನು ಒಗ್ಗಿಕೊಂಡೆ. ಮಗಳ ನಗು ನೋಡಿದ ಮೇಲೆ ಮಂದಿಯ ನಗು ಏನು ಮಹಾ.

ಊರು ದಾಟಿ ಹೊಳಗುಂದ ರಸ್ತೆಗೆ ಬಿದ್ದ ಮೇಲೆ ನನ್ನ ಬಾಯಿ ಬಿಚ್ಚಿಕೊಳ್ಳುತ್ತಿತ್ತು. ಡೊಳ್ಳಿನ ಜೊತೆ ಮನುಷ್ಯನ ದನಿಯೂ ಇದ್ದರೆ ಕುದುರೆಗೆ ಧೈರ್ಯ ಎಂಬುದು ನೆಪ. ನಿಜವೆಂದರೆ ಮನೆಯಲ್ಲಿ ನನ್ನ ಮಾತು ಕೇಳುವವರಿಲ್ಲ. ಡೊಳ್ಳನ್ನು ಮೀರಿಸಿ ಗಂಟಲೆತ್ತಿ ಮಾತಾಡುತ್ತಿದ್ದೆ. ಹತ್ತಿಯ ರೇಟು ಯಾಕೆ ಏರುತ್ತದೆ, ಒದ್ದೆ ಹತ್ತಿಯನ್ನು ಮುಷ್ಟಿಯಲ್ಲಿ ಹೇಗೆ ಗುರುತಿಸಬೇಕು, ಎಳೆಯ ಉದ್ದ ಎಂದರೇನು, ಎಲ್ಲ. ನಡುನಡುವೆ ನಮ್ಮಪ್ಪನ ಕಥೆ. ನಮ್ಮಪ್ಪ ಒಮ್ಮೆ ಚಕ್ಕಡಿಯಲ್ಲಿ ಹೊಳಗುಂದದ ಕಡೆ ಲಗ್ನವೊಂದಕ್ಕೆ ಹೊರಟು ದಾರಿಯಲ್ಲಿ ನಿದ್ದೆ ಹೋದರಂತೆ. ಎತ್ತುಗಳು ತಮಗೆ ತಿಳಿದ ಕಡೆ ಎಳೆದುಕೊಂಡು ಹೋಗಿ ಬೇರೆ ಯಾವುದೋ ಊರಿನ ಲಗ್ನದ ಚಪ್ಪರದ ಮುಂದೆ ನಿಂತವು. ಅಪ್ಪ ಎದ್ದವರೇ ಇದೇ ಎಂದುಕೊಂಡು ಒಳಗೆ ಹೋಗಿ, ಮುಯ್ಯಿ ಕೊಟ್ಟು ಹೆಸರು ಓದಿಸಿ, ಅಕ್ಷತೆ ಹಾಕಿ, ಎರಡೆರಡು ಸಲ ಹುಗ್ಗಿ ಹಾಕಿಸಿಕೊಂಡು, ಆ ಮನೆಯವರ ಜೊತೆ ಜನ್ಮದ ಗೆಳೆತನ ಮಾಡಿಕೊಂಡು ಬಂದರು. ಈ ಕಥೆ ನಾನು ಎಷ್ಟು ಸಲ ಹೇಳಿದ್ದೇನೋ. ಹೇಳಿದಾಗೆಲ್ಲ ಹಿಂದಿನಿಂದ ಉಮಾ, ಮೊದಲ ಸಲ ಕೇಳುವವಳ ಹಾಗೆ, "ಆಮ್ಯಾಲೆ?" ಎನ್ನುವಳು. ಹತ್ತಿಯ ವಿಷಯಕ್ಕೆ ಆಮ್ಯಾಲೆ ಎನ್ನುತ್ತಿರಲಿಲ್ಲ, ಆದರೆ ಅಡ್ಡ ಮಾತೂ ಆಡುತ್ತಿರಲಿಲ್ಲ. ಇಷ್ಟು ತಾಳ್ಮೆಯಿಂದ ವ್ಯಾಪಾರದ ಮಾತು ಕೇಳುವ ಮಗಳು ಯಾರಿಗಿದ್ದಾಳೆ ಎಂದು ನಾನು ಒಳಗೊಳಗೇ ಉಬ್ಬುತ್ತಿದ್ದೆ. ಗೋಣು ತಿರುಗಿಸಿ ನೋಡುವ ಗೋಜಿಗೆ ಹೋಗಲಿಲ್ಲ. ನನ್ನ ಕುತ್ತಿಗೆಯೂ ಸುಲಭಕ್ಕೆ ತಿರುಗುವಂಥದ್ದಲ್ಲ.

ಶಿವರಾತ್ರಿ ಮುಗಿಯಿತು, ಬಿಸಿಲು ಏರತೊಡಗಿತು, ಉಗಾದಿ ಹತ್ತಿರ ಬಂತು. ನನ್ನ ಎದೆ ಬಡಿತವೂ ಹೆಚ್ಚಿತು. ಯಾಕೆಂದರೆ ಪರೀಕ್ಷೆಗೆಂದು ನಾನು ಪಕ್ಕಕ್ಕೆ ಸರಿದು ಬೇವಿನ ಮರದ ಕೆಳಗೆ ನಿಂತರೆ ಬಿಜಲಿಯೂ ನಿಂತುಬಿಡುತ್ತಿತ್ತು. "ನಡಿಸವ್ವಾ, ಹಿಮ್ಮಡಿಲೆ ಮೆತ್ತಗ ಒತ್ತು" ಎಂದರೆ ಉಮಾ ತಲೆ ತಗ್ಗಿಸಿ, "ನೀ ಇಲ್ಲಾಂದ್ರ ಆಕಿ ಬರಂಗಿಲ್ಲಪ್ಪಾ" ಎನ್ನುವಳು. ನಾನು ಬಂದು ಮುಂದೆ ನಿಂತರೆ ಮತ್ತೆ ಟಪ್ ಟಪ್ ಎಂದು ಹೊರಡುವುದು. ಖಾಜಾ ಸಾಬರ ಮನೆಗೆ ಬಿಜಲಿಯನ್ನು ಒಯ್ದು ಕಟ್ಟಿ ಬರುವ ದಿನ ಈ ಹುಡುಗಿಯ ಮುಖ ಹೇಗೆ ನೋಡಲಿ ಎಂದು ಉಗ್ಗಾಣಿಯೂ ಸೇರದಾಯಿತು. ಮಾರ್ಕೆಟ್ಟಿನಲ್ಲಿ ಕೂತರೂ ಅದೇ ಚಿಂತೆ. ಹುಡುಗರ ಫೋನು ಬಂದರೆ ಮಾತ್ರ ದನಿ ಏರಿಸಿ, ಕುದುರೆಯನ್ನು ಪಳಗಿಸುವುದು ಏನು ದೊಡ್ಡ ವಿದ್ಯೆಯಲ್ಲ ಎನ್ನುತ್ತಿದ್ದೆ.

ಉಗಾದಿಯ ಹಿಂದಿನ ವಾರ ಒಂದು ಬೆಳಿಗ್ಗೆ ಹೀಗೇ ನಡೆಯುತ್ತಿದ್ದೆ. ಡೊಳ್ಳು ಜೋರಾಗಿ ಬಡಿಯುತ್ತಿತ್ತು. ಹತ್ತಿಬೀಜದ ಹಿಂಡಿಯ ರೇಟಿಗೂ ಎಮ್ಮೆಯ ಹಾಲಿನ ರೇಟಿಗೂ ಇರುವ ಸಂಬಂಧವನ್ನು ಕೈ ಬೀಸಿ ಬೀಸಿ ವಿವರಿಸುತ್ತಿದ್ದೆ. ಎದುರಿನಿಂದ ಹಾಲಿನ ಕ್ಯಾನು ಕಟ್ಟಿಕೊಂಡ ಬೈಕಿನವನೊಬ್ಬ ಬಂದು, ನನ್ನ ಪಕ್ಕದಲ್ಲಿ ನಿಲ್ಲಿಸಿ, ಬಹಳ ಮರ್ಯಾದೆಯಿಂದ ಕೇಳಿದ. "ಯಜಮಾನ್ರ, ಯಾರ ಸಂಗಾಟ ಮಾತಾಡಾಕತ್ತೀರಿ?"

ತಿರುಗಿದೆ. ಹಿಂದೆ ರಸ್ತೆ ಖಾಲಿ. ಕುದುರೆ ಇಲ್ಲ, ಮಗಳಿಲ್ಲ.

ಆ ಹೊತ್ತಿನಲ್ಲಿ ನನಗಾದದ್ದನ್ನು ತಮಾಷೆಯಾಗಿ ಹೇಳಲು ಈಗಲೂ ಬರುವುದಿಲ್ಲ. ಎಲ್ಲೋ ಬಿದ್ದಿದ್ದಾಳೆ, ನಾನು ಹಿಂಡಿಯ ರೇಟು ಹೇಳಿಕೊಂಡು ಮುಂದೆ ಬಂದಿದ್ದೇನೆ ಎಂಬುದೊಂದೇ ತಲೆಯಲ್ಲಿ. "ಉಮಾ!" ಎಂದು ಕೂಗಿದೆ. ಪಂಚೆ ಎತ್ತಿಕೊಂಡು ಬಂದ ದಾರಿಗೆ ಓಡಿದೆ. ಓಡುತ್ತ ಓಡುತ್ತ ಫೋನಿನ ಡೊಳ್ಳನ್ನು ಹೇಗೋ ಬಂದ್ ಮಾಡಿದೆ. ಆಗ ಕೇಳಿಸಿತು, ನೆಲದ ಮೇಲೆ ಗೊರಸಿನ ಸದ್ದು. ಎಡಗಡೆಯ ಬೋಳು ಹೊಲದಲ್ಲಿ ಧೂಳು ಎದ್ದಿತ್ತು. ಆ ಧೂಳಿನ ಮುಂದೆ ಬಿಜಲಿ. ಅದೇ ಬಿಜಲಿಯೇ ಎಂದು ಎರಡು ಸಲ ನೋಡಿದೆ. ಕುತ್ತಿಗೆ ನೀಡಿ, ಬಾಲ ಎತ್ತಿ, ಸದ್ದಿಲ್ಲದ ಬಯಲಿನಲ್ಲಿ ಯಾವ ಡೊಳ್ಳೂ ಇಲ್ಲದೆ ಓಡುತ್ತಿತ್ತು. ಮೇಲೆ ನನ್ನ ಮಗಳು ಮುಂದಕ್ಕೆ ಬಗ್ಗಿ ಕೂತಿದ್ದಳು, ಹೆಲ್ಮೆಟ್ಟಿನ ಕೆಳಗಿಂದ ಜಡೆ ಹಾರುತ್ತಿತ್ತು. ಇಷ್ಟು ಚೆಂದದ್ದನ್ನು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ರಸ್ತೆಯ ಮೇಲೆ ನಿಂತು ಅತ್ತೆ. ಹಾಲಿನವನು "ನೀರು ಕುಡೀರಿ ಯಜಮಾನ್ರ" ಎಂದು ಬಾಟಲಿ ಕೊಟ್ಟ.

ನಾನು ಈ ಕಡೆ ತಿರುಗಿ ನಿಂತದ್ದು ಕಂಡೊಡನೆ ಉಮಾ ಲಗಾಮು ಎಳೆದಳು. ಮೆಲ್ಲಗೆ ಹತ್ತಿರ ಬಂದು, ಕದ್ದು ಬೆಲ್ಲ ತಿಂದು ಸಿಕ್ಕಿಬಿದ್ದವಳ ಮುಖ ಮಾಡಿಕೊಂಡು ನಿಂತಳು. "ಯಾವಾಗಿಂದ?" ಎಂದೆ. "ಶಿವರಾತ್ರಿಗಿಂತ ಮೊದಲಿಂದ" ಎಂದಳು. "ಒಂದಿನ ನಿನ್ನ ಫೋನಿನ ಚಾರ್ಜು ಹೋಗಿತ್ತಲ್ಲಪ್ಪಾ, ಡೊಳ್ಳು ನಿಂತಿತ್ತು. ನೀ ಮಾತಾಡ್ಕೊಂತ ಹೊಂಟಿದ್ದಿ, ನಿನಗ ಗೊತ್ತಾಗಲಿಲ್ಲ. ಆಕಿಗೂ ಗೊತ್ತಾಗಲಿಲ್ಲ. ಆಮ್ಯಾಲೆ ನಾ ಮೆತ್ತಗ ಹೊಲಕ್ಕ ತಿರುಗಿಸಿದೆ, ಬಂದ್ಲು." ಅಂದರೆ ಬೇವಿನ ಮರದ ಕೆಳಗೆ ನಾನು ಮಾಡಿದ ಪರೀಕ್ಷೆಯಲ್ಲೆಲ್ಲ ಈ ಹುಡುಗಿ ಲಗಾಮು ಬಿಗಿ ಹಿಡಿದು ಕುದುರೆಯನ್ನು ಫೇಲು ಮಾಡಿದ್ದಳು. ನಾನು ಹತ್ತಿಯ ಎಳೆಯ ಉದ್ದವನ್ನು ಹೇಳಿದ್ದು ಯಾರಿಗೆ? ಹೊಲದ ಬದುವಿಗೆ, ಕಾಗೆಗಳಿಗೆ. "ಇಷ್ಟ್ ದಿನ ನಾ ಒಬ್ಬನ ಮಾತಾಡಿದ್ನೇನವ್ವಾ?" ಎಂದೆ. ಉಮಾ ಗಾಬರಿಯಾಗಿ, "ಎಲ್ಲಾ ಹೊತ್ತು ಅಲ್ಲಪ್ಪಾ! ನೀ ಹತ್ತಿ ರೇಟಿನ ಮಾತು ತಗದಾಗ ಅಷ್ಟ ಹೋಗತಿದ್ದೆ. ಅಜ್ಜನ ಕಥಿ ಹೇಳೋವಾಗ ಹಿಂದೇನ ಇರತಿದ್ದೆ" ಎಂದಳು. ನನಗೆ ಬಂದಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಮನೆಗೆ ಬಂದು ಗಿರಿಜಾಳಿಗೆ ಹೇಳಿದರೆ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ. "ಗೊತ್ತೈತಿ ಬಿಡ್ರಿ" ಎಂದಳು. ಯಾರೋ ನೋಡಿದವರು ಬಂದು ಹೇಳಿದ್ದರಂತೆ. "ಮತ್ತ ಉಗಾದಿ ಅಂತ ನನ್ನ ಜೀವಾ ತಿಂದಿ?" ಎಂದೆ. "ಮೊದಲ ಖರೇನ ಅಂದಿದ್ದೆ, ಹೆದರಿಕಿಲೆ. ಆಮ್ಯಾಲೆ ಡಾಕ್ಟರ ಕಡೆ ಹೋದಾಗ ಶುಗರ್ ಇಳದೈತಿ ಅಂದ್ರಲ್ಲ, ಆವಾಗ ನಾನೂ ಉಮಾನೂ ಮಾತಾಡ್ಕೊಂಡ್ವಿ. ಈಗ ಹೇಳಿದ್ರ ಮತ್ತ ಉಗ್ಗಾಣಿ ಅಂಗಡಿ ದಾರಿ ಹಿಡೀತಾರ, ಇರ್ಲಿ ಬಿಡು ಅಂದೆ." ಗೋದಾಮಿನ ಕಡೆಯಿಂದ ಬಿಜಲಿ ಕೆನೆಯಿತು. ಗಿರಿಜಾ ಬಿಸಿ ರೊಟ್ಟಿಯೊಂದನ್ನು ಮಡಚಿ ನನ್ನ ಮುಂದೆಯೇ ಎತ್ತಿಕೊಂಡು ಆ ಕಡೆ ಹೋದಳು. ಮನೆಯಲ್ಲಿ ಇಷ್ಟು ದಿನ ಯಾರು ಯಾರನ್ನು ಪಳಗಿಸುತ್ತಿದ್ದರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಬಿಜಲಿ ಉಳಿಯಿತು. ಉಗಾದಿಗೆ ಅದಕ್ಕೂ ಒಂದು ಬೇವುಬೆಲ್ಲ. ಬೆಲ್ಲ ಮಾತ್ರ ತಿಂದು ಬೇವನ್ನು ನನ್ನ ಹೊಸ ಅಂಗಿಯ ಮೇಲೆ ಉಗುಳಿತು. ಹಬ್ಬದ ಮರುದಿನ ಬೆಳಿಗ್ಗೆ ನಾನು ಏಳಬೇಕಾದ ಕಾರಣವೇ ಇರಲಿಲ್ಲ. ಆದರೂ ಅದೇ ಹೊತ್ತಿಗೆ ಎಚ್ಚರವಾಯಿತು. ಚಹಾ ಕುಡಿದು ಪೇಪರು ಹಿಡಿದು ಕೂತೆ. ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೆ. ಹಿತ್ತಲಲ್ಲಿ ಜೀನು ಬಿಗಿಯುವ ಸದ್ದು, ಉಮಾ ಹತ್ತಿದ ಸದ್ದು, ಗೇಟು ತೆರೆದ ಸದ್ದು. ಇನ್ನು ನನ್ನನ್ನು ಬಿಟ್ಟು ಹೋಗುತ್ತಾಳೆ ಎಂದುಕೊಂಡೆ. ಹೋಗಬೇಕಾದದ್ದೇ. ಅದಕ್ಕೇ ತಾನೇ ಇಷ್ಟೆಲ್ಲ ನಡೆದದ್ದು? ಆದರೂ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ.

"ಅಪ್ಪಾ! ಆಕಿ ಬರವಲ್ಲಳು ನೋಡು!"

ಹೊರಗೆ ಬಂದೆ. ಗೇಟಿನ ಹತ್ತಿರ ಬಿಜಲಿ ನಿಂತಿತ್ತು. ಅದರ ಕಿವಿ ಹೊಳಗುಂದ ರಸ್ತೆಯ ಕಡೆ ನೆಟ್ಟಿದ್ದವು, ಮುಂಗಾಲು ನೆಲ ಕೆರೆಯುತ್ತಿತ್ತು. ಹೋಗಲೇಬೇಕೆಂದು ಕುತ್ತಿಗೆ ಮುಂದಕ್ಕೆ ಜಗ್ಗುತ್ತಿತ್ತು. ಮೇಲೆ ಕೂತ ನನ್ನ ಮಗಳು ಎರಡೂ ಕೈಯಿಂದ ಲಗಾಮನ್ನು ಹೊಟ್ಟೆಯವರೆಗೆ ಎಳೆದು ಹಿಡಿದಿದ್ದಳು. ಗೆಣ್ಣು ಬೆಳ್ಳಗಾಗಿದ್ದವು. ಮುಖ ಮಾತ್ರ ಏನೂ ಅರಿಯದ ಕೂಸಿನದು. ಗಿರಿಜಾಳ ಕಡೆ ನೋಡಿದರೆ ಅವಳು ತುಳಸಿಗೆ ಬಹಳ ಶ್ರದ್ಧೆಯಿಂದ ನೀರು ಹಾಕುತ್ತಿದ್ದಳು. ನನ್ನ ಚಪ್ಪಲಿಗಳು ಹೊಸ್ತಿಲ ಮುಂದೆ ಜೋಡಿಯಾಗಿ ಕೂತಿದ್ದವು. ನಾನು ಅವನ್ನು ಹಿಂದಿನ ದಿನ ಬಚ್ಚಲ ಹತ್ತಿರ ಬಿಟ್ಟಿದ್ದೆ.

"ಏನ್ ಕುದುರಿನವ್ವ ಇದು. ಇಷ್ಟ ದಿನ ಆದ್ರೂ ಬುದ್ಧಿ ಬರಲಿಲ್ಲ" ಎಂದು ಗೊಣಗಿಕೊಂಡು ಚಪ್ಪಲಿ ಮೆಟ್ಟಿದೆ. ಪಂಚೆ ಎತ್ತಿ ಕಟ್ಟಿ, ಡೊಳ್ಳು ಹಚ್ಚಿ, ಮುಂದೆ ನಡೆದೆ. ಅಂದು ಫೋನಿನಲ್ಲಿ, ಹಗ್ಗ ಯಾವಾಗ ಬಿಡಬೇಕೆಂದು ಕೇಳಿದ ಹುಡುಗನ ನೆನಪಾಯಿತು. ಮನೆಗೆ ಹೋಗಿ ಅವನಿಗೆ ಫೋನು ಹಚ್ಚಬೇಕು, ಅದನ್ನು ನಿನ್ನ ತಂಗಿಗೇ ಬಿಡು ಎನ್ನಬೇಕು ಎಂದುಕೊಂಡೆ. ಬೇವಿನ ಮರ ದಾಟಿತು, ಬಯಲು ಬಂತು. ಡೊಳ್ಳಿನ ಸದ್ದನ್ನು ಇದ್ದಷ್ಟೂ ಜೋರು ಮಾಡಿದೆ. ಹಿಂದೆ ನೋಡದೆ, ಹತ್ತಿಯ ರೇಟಿನ ಮಾತು ತೆಗೆದೆ. ಅವಳು ಹೋಗಲಿ ಎಂದು ಎಳೆಯ ಉದ್ದ, ಒದ್ದೆ ಹತ್ತಿ, ಹಿಂಡಿ, ಯಾವುದನ್ನೂ ಬಿಡಲಿಲ್ಲ, ನಿಧಾನವಾಗಿ ಹೇಳಿದೆ. ಬಹಳ ದೂರ ಒಬ್ಬನೇ ನಡೆದಿರಬೇಕು. ಆಮೇಲೆ ಗಂಟಲು ಸರಿಮಾಡಿಕೊಂಡು, "ನಿಮ್ಮಜ್ಜ ಒಮ್ಮೆ ಚಕ್ಕಡಿ ಕಟ್ಟಿಕೊಂಡು ಲಗ್ನಕ್ಕ ಹೊಂಟಿದ್ರು"‌ ಎಂದು ಗಾಳಿಗೆ ಹೇಳಿದೆ. "ದಾರ್‍ಯಾಗ ನಿದ್ದಿ ಹತ್ತಿತು."

ಬೆನ್ನಿಗೆ ಬಿಸಿ ಉಸಿರು ತಾಗಿತು. ಹಿಂದಿನಿಂದ, ಬಹಳ ಹತ್ತಿರದಿಂದ, "ಆಮ್ಯಾಲೆ?" ಎಂದು ಕೇಳಿಸಿತು.

ಇಷ್ಟು ವರ್ಷ ಹೇಳಿದ ಕಥೆ. ಆಮೇಲೆ ಏನಾಯಿತೆಂದು ನನಗೆ ನೆನಪಾಗಲೇ ಇಲ್ಲ.